ಅಪ್ಪನ ಹೊಸ ಗುಮಾಸ್ತ

ಮನೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಹಡಗಿನವರಿಗೆಲ್ಲ ಬೇಯಿಸಿ ಬಡಿಸುವ ನೀನು ಹೊತ್ತಿಗೆ ಸರಿಯಾಗಿ ಎರಡು ತುತ್ತು ತಿನ್ನುತ್ತಿದ್ದೀಯ ತಾನೇ? ಸುಟ್ಟ ಗಾಯಕ್ಕೆಂದು ಕಟ್ಟಿಕೊಟ್ಟಿದ್ದ ಮುಲಾಮು ಮುಗಿದಿದ್ದರೆ ತಿಳಿಸು, ಇನ್ನೆರಡು ಕಳಿಸುತ್ತೇನೆ. ಔಷಧದಂಗಡಿಯಲ್ಲಿ ದುಡಿಯುವ ಅಮ್ಮನಿಂದ ನಿನಗಿರುವ ಲಾಭ ಅಷ್ಟೇ. ನನ್ನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅದೊಂದು ಬಿಟ್ಟರೆ ಗಟ್ಟಿಯಾಗಿದ್ದೇನೆ.

ನಿಮ್ಮಪ್ಪನ ಕಣ್ಣಿನ ವಿಷಯ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಈಗ ಪೂರ್ತಿ ಹೇಳುತ್ತೇನೆ, ಗಾಬರಿಯಾಗಬೇಡ. ಬೆಳಕು ಕತ್ತಲೆ ಗೊತ್ತಾಗುತ್ತದೆ, ಎದುರಿಗೆ ನಿಂತವರ ಆಕಾರ ಕಾಣುತ್ತದೆ. ಕಂಪ್ಯೂಟರಿನ ಪರದೆ ಮಾತ್ರ ಅವರ ಪಾಲಿಗೆ ಬರೀ ಮಂಜು. ಇದಕ್ಕಿಂತ ಸುಧಾರಿಸುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಹಾಡು ರೆಕಾರ್ಡ್ ಮಾಡಿ, ದನಿ-ವಾದ್ಯಗಳನ್ನು ಬೆರೆಸಿ ಹದ ಮಾಡುವ ಅವರ ಕಸುಬು ಕಿವಿಯ ಕೆಲಸ, ಹೇಗೋ ನಡೆದುಹೋಗುತ್ತದೆ ಎಂದುಕೊಂಡಿದ್ದೆವು. ಆದರೆ ಈಗಿನ ಸಾಫ್ಟ್‌ವೇರಿನಲ್ಲಿ ಎಲ್ಲವೂ ಕಣ್ಣಿನದೇ: ಒಂದೊಂದು ವಾದ್ಯಕ್ಕೆ ಒಂದೊಂದು ಬಣ್ಣದ ಪಟ್ಟಿ, ಅಕ್ಕಿಕಾಳಿನಷ್ಟು ಗುಂಡಿಗಳು. ಮೊದಮೊದಲು ಅಂಗಡಿಯಿಂದ ಬಂದು ನಾನೇ ಪಕ್ಕದಲ್ಲಿ ಕೂರುತ್ತಿದ್ದೆ. "ಡ್ರಮ್ ಸ್ವಲ್ಪ ಇಳಿಸು" ಅನ್ನುತ್ತಿದ್ದರು. "ಹಳದಿ ಪಟ್ಟಿನಾ?" ಅಂದರೆ, "ಹಳದಿನೋ ನೀಲಿನೋ ನಂಗೇನೇ ಗೊತ್ತು!" ಹೀಗೇ ಕಿತ್ತಾಡುತ್ತ, ಒಂದು ದಿನ ನಾನು ಕೊಳಲನ್ನೇ ಪೂರಾ ಅಳಿಸಿಬಿಟ್ಟೆ. ನಿಮ್ಮಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹೆಡ್‌ಫೋನ್ ತೆಗೆದು, ವೈರು ಸುತ್ತಿ, ಡ್ರಾಯರಿನಲ್ಲಿಟ್ಟು ಹೊರಗೆ ಹೋಗಿ ಕೂತರು.

ಅದೇ ವಾರ ನಾಟಕ ತಂಡದ ಮೇಷ್ಟ್ರು ಬಂದರು. ಅವರ ಹೊಸ ನಾಟಕದ ಹಾಡುಗಳೆಲ್ಲ ನಮ್ಮ ಹಿಂದಿನ ಕೋಣೆಯಲ್ಲೇ ಮುದ್ರಣವಾಗಿದ್ದವು, ಹದ ಮಾಡುವುದು ಬಾಕಿಯಿತ್ತು. "ನೀವು ಸುಧಾರಿಸಿಕೊಳ್ಳಿ, ಇದನ್ನ ಬೇರೆ ಕಡೆ ಮಾಡಿಸ್ಕೋತೀವಿ" ಎಂದು ತೀರಾ ಮೆತ್ತಗೆ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಿಮ್ಮಪ್ಪ, "ಸ್ವಲ್ಪ ದಿನ ಕೊಡಿ. ಆಮೇಲೆ ನೀವು ಹೇಳಿದ ಹಾಗೆ" ಅಂದರು.

ಬಾಯಲ್ಲಿ ಹೇಳಿದರೆ ಸಾಫ್ಟ್‌ವೇರ್ ನಡೆಸಿಕೊಡುವ ಎಐ ಸಹಾಯಕರು ಬಂದಿದ್ದಾರೆ ಎಂದು ಪತ್ತೆ ಮಾಡಿದ್ದು ನಿನ್ನ ಚಿಕ್ಕಪ್ಪ. ನೋಡಿ ಆರಿಸಿಕೊಳ್ಳಲಿ ಎಂದು ಕೆಲವನ್ನು ತಂದು ಹಾಕಿಕೊಟ್ಟ. ನನ್ನನ್ನು ಒಪ್ಪುವಾಗಲೂ ನಿಮ್ಮಪ್ಪ ಇಷ್ಟು ಪರೀಕ್ಷೆ ಮಾಡಿರಲಿಲ್ಲ ಬಿಡು. ಮೊದಲನೆಯದು ಹಾಡನ್ನು ಗುಳುಂ ಎಂದು ನುಂಗಿ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಥಳಥಳ ಹೊಳೆಯಿಸಿ ಮುಂದಿಟ್ಟಿತು. ನಾನಂತೂ ಬೆರಗಾದೆ. ಅವರು ಕೊನೆತನಕ ಕೇಳಿ, "ಚೆನ್ನಾಗಿದೆ. ಆದ್ರೆ ಇದರಲ್ಲಿ ನಾನೆಲ್ಲಿದ್ದೀನಿ?" ಅಂದರು. ಇನ್ನೊಂದು ಬಾಯಿಬಡುಕ. ಬೇಕೆಂದೇ ಡ್ರಮ್ಮನ್ನು ಕೂದಲೆಳೆಯಷ್ಟು ತಾಳ ತಪ್ಪಿಸಿ ಕೇಳಿಸಿದರೆ ಅದ್ಭುತ, ಅಮೋಘ ಎಂದು ಹಾಡಿ ಹೊಗಳಿತು. "ಹೊಗಳೋಕೆ ನನ್ನ ತಮ್ಮ ಒಬ್ಬ ಸಾಕು" ಎಂದು ಅದನ್ನೂ ಸಾಗಹಾಕಿದರು. ನಿನ್ನ ಚಿಕ್ಕಪ್ಪನ ಮುಖ ನೋಡಬೇಕಿತ್ತು.

ಕೊನೆಗೆ ಉಳಿದದ್ದು ಒಂದು ಸಾದಾ ಸಹಾಯಕ. ಮಾತು ನಿಧಾನ, ಠೀವಿ ಇಲ್ಲ. ಯಾವ ಪಟ್ಟಿಯಲ್ಲಿ ಏನಿದೆ ಎಂದು ಮೊದಲು ಓದಿ ಹೇಳಿತು. ನಿಮ್ಮಪ್ಪ ಗಾಳ ಹಾಕಿದರು: "ಇಲ್ಲಿ ಹುಡುಗಿ ದನಿ ಒಡೀತಲ್ಲ, ಸರಿ ಮಾಡ್ಬೇಕಾ?" ಅದು, "ಇಲ್ಲಿ ದನಿಯ ಗೆರೆ ಒಮ್ಮೆಲೇ ಕುಸಿದಿರುವುದು ಕಾಣುತ್ತಿದೆ. ಅದು ದೋಷವೋ ಭಾವವೋ ನೀವೇ ಕೇಳಿ ಹೇಳಬೇಕು" ಅಂದಿತು. ಕುರ್ಚಿಯಿಂದ ಎದ್ದೇಬಿಟ್ಟರು ಪುಟ್ಟೀ! "ಇವನೇ ಕಣೇ! ನಂಗೆ ಬೇಕಾಗಿದ್ದು ಕಣ್ಣು, ಕಿವಿ ಅಲ್ಲ. ಕಿವಿ ನನ್ ಹತ್ರ ಇದೆ." ಅದೇ ಸಂಜೆ ಪಿಟೀಲಿನ ಸದ್ದು ಅಡಗಿಸು ಅಂದರೆ ಅದು ಇನ್ನೇನನ್ನೋ ಅಡಗಿಸಿಬಿಟ್ಟಿತು, ಕೇಳುವ ಮೊದಲೇ ತಪ್ಪು ಒಪ್ಪಿಕೊಂಡು, ಇದ್ದಂತೆಯೇ ಮಾಡಿಕೊಟ್ಟಿತು. "ತಪ್ಪಾಯ್ತು ಅಂತ ತಾನಾಗೇ ಹೇಳೋರು ಈ ಮನೇಲಿ ಇವನೊಬ್ಬನೇ" ಎಂದು ನನ್ನ ಕಡೆ ತಿರುಗಿ ನಕ್ಕರು. ಎಷ್ಟೋ ದಿನಗಳ ಮೇಲೆ ಕಂಡ ನಗು, ಹಾಗಾಗಿ ಕ್ಷಮಿಸಿದೆ. ಅಂದಿನಿಂದ ಅದರ ಹೆಸರು ಗುಮಾಸ್ತ. "ಗುಮಾಸ್ತರೇ, ಎಲ್ಲಿಗೆ ಬಂದ್ವಿ?" ಎಂದೇ ಬೆಳಗಿನ ಕೆಲಸ ಶುರು.

ನಿನಗೊಂದು ಮಾತು ಹೇಳಬೇಕು. ಮದುವೆಯಾದಾಗಿನಿಂದ ನಿಮ್ಮಪ್ಪ ಕೆಲಸ ಮಾಡುವುದನ್ನು ನಾನು ಮುಚ್ಚಿದ ಬಾಗಿಲಿನ ಈಚೆಯಿಂದ ಕೇಳಿದವಳು. ಒಂದೇ ಸಾಲು ನೂರು ಸಲ ತಿರುಗಿಸಿ ತಲೆ ತಿನ್ನುತ್ತಾರೆ ಎಂದು ಗೊಣಗಿದವಳು. ಈಗ ಅವರು ಮನಸ್ಸಿನಲ್ಲಿರುವುದನ್ನೆಲ್ಲ ಗುಮಾಸ್ತನಿಗೆ ಬಾಯಿಬಿಟ್ಟು ಹೇಳಲೇಬೇಕಲ್ಲ, ನನಗೂ ಕೇಳಿಸುತ್ತದೆ. "ಆ ಉಸಿರು ತೆಗೀಬೇಡ, ಅವಳು ಓಡಿ ಬಂದು ಹಾಡ್ತಿದಾಳೆ." "ಪಿಟೀಲು ಒಂದು ಹೆಜ್ಜೆ ಹಿಂದೆ ನಿಲ್ಲಲಿ, ಮುದುಕ ಮಾತಾಡೋವಾಗ ಮಧ್ಯೆ ಬಾಯಿ ಹಾಕಬಾರದು." ಆ ಮನುಷ್ಯನ ತಲೆಯೊಳಗೆ ಇಷ್ಟೆಲ್ಲ ಜನ ಓಡಾಡುತ್ತಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ಬಟ್ಟೆ ಮಡಚುತ್ತ ಬಾಗಿಲಲ್ಲಿ ನಿಂತವಳು ಎಷ್ಟೋ ಸಲ ಕೈಯಲ್ಲಿದ್ದ ಬಟ್ಟೆ ಮರೆತಿದ್ದೇನೆ.

ಮೊನ್ನೆ ಮೇಷ್ಟ್ರು ಬಂದು ಹಾಡುಗಳನ್ನು ಕೇಳಿದರು. ಮುಗಿದ ಮೇಲೆ ನಿಮ್ಮಪ್ಪನ ಕಡೆ ನೋಡಿ ತಲೆದೂಗಿದರು. ನಿಮ್ಮಪ್ಪನಿಗೆ ಅವರ ಮುಖ ಕಾಣದು ನೋಡು, "ಏನಾದ್ರೂ ಹೇಳ್ರೀ" ಎಂದು ಚಡಪಡಿಸಿದರು. ಮೇಷ್ಟ್ರು, "ಬೇರೆ ಕಡೆ ಅಂತ ನಾನು ಹೇಳೇ ಇಲ್ಲ ಅಂದ್ಕೊಳ್ಳಿ" ಅಂದರು. ಮುಂದಿನ ನಾಟಕವೂ ನಮಗೇ.

ಚಿಕ್ಕಪ್ಪ ನಿನ್ನನ್ನು ಬಹಳ ಕೇಳಿದ. ಡೆಕ್ಕಿನ ಮೇಲೆ ಗಾಳಿಗೆ ತಲೆ ಒಡ್ಡಿಕೊಂಡು ನಿಲ್ಲಬೇಡ. ಹೋದ ಬಂದರಿನಲ್ಲೆಲ್ಲ ನಿನಗೆ ಒಳ್ಳೆಯವರೇ ಸಿಗಲಿ, ನಿನ್ನ ಕೈಯಡುಗೆ ಉಂಡವರೆಲ್ಲ ನಿನ್ನನ್ನು ಹರಸಲಿ.

ನಿನ್ನ ಅಮ್ಮ

ಸೋಮವಾರ ಬೆಳಿಗ್ಗೆ. ಮರೆತಿದ್ದೆ, ಅಂಚೆಗೆ ಹೊತ್ತಾಯಿತು, ಗೀಚುತ್ತಿದ್ದೇನೆ: ಕೊನೆಯ ಹಾಡಿಗೆ ದೂರದಿಂದ ಕರೆಯುವ ಹೆಣ್ಣು ದನಿಯೊಂದನ್ನು ಸೇರಿಸಬೇಕೆಂದು ಮೇಷ್ಟ್ರು ಕೇಳಿದ್ದಾರೆ. ನೀನು ಹಿಂದೆ ಹಾಡಿದ್ದೆಲ್ಲ ಕಂಪ್ಯೂಟರಿನಲ್ಲಿದೆ, ನೀನು ಒಪ್ಪಿದರೆ ಅದರಿಂದ ನಿನ್ನದೇ ದನಿ ಮಾಡಿ ಹಾಡಿಸಬಹುದು ಎಂದಿತು ಗುಮಾಸ್ತ. ನಿಮ್ಮಪ್ಪ, "ಬೇಡ, ಮಗಳು ಇದ್ದಾಳಲ್ಲ, ಅವಳನ್ನೇ ಕೇಳೋಣ" ಅಂದರು. ಅಂದವರು ಕೇಳುತ್ತಲೇ ಇಲ್ಲ, ನಿನಗೆ ತೊಂದರೆಯಂತೆ. ಅದಕ್ಕೇ ನಾನು ಕೇಳುತ್ತಿದ್ದೇನೆ. ಸಾಲುಗಳನ್ನು ಹಿಂಬದಿಯಲ್ಲಿ ಬರೆದಿದ್ದೇನೆ. ಫೋನಿನಲ್ಲಿ ಹಾಡಿ ಕಳಿಸು. ಹಿಂದೆ ಸಮುದ್ರದ ಸದ್ದು, ಪಾತ್ರೆಯ ಸದ್ದು ಏನು ಬಂದರೂ ಇರಲಿ. ಅದನ್ನು ತೆಗೆಯಕೂಡದು ಎಂದು ಗುಮಾಸ್ತನಿಗೆ ಈಗಲೇ ಅಪ್ಪಣೆಯಾಗಿದೆ.