ಬಾಗಿಲ ಮೇಲಿನ ರಾಟೆ

ಭಾನುವಾರ, ಮಾರ್ಚ್ ೯

ಪ್ರೀತಿಯ ಚಿನಕುರಳಿ,

ನೀನು ಕ್ಷೇಮವೇ? ಪಾಪು ಕ್ಷೇಮವೇ? ನಿನ್ನ ಒಂದು ಕಾಗದಕ್ಕೂ ಉತ್ತರ ಬರೆಯದ ಅಕ್ಕನನ್ನು ಎಷ್ಟು ಬೈದಿದ್ದೀಯೋ, ಅದರಲ್ಲಿ ಅರ್ಧ ನಿನ್ನ ಭಾವನ ಪಾಲಿಗೆ ಹಾಕು. "ನೀನು ಹೇಳು, ನಾನು ಬರೀತೀನಿ" ಎಂದು ಪೆನ್ನು ಹಿಡಿದು ಕೂರುತ್ತಿದ್ದರು. ಗಂಡ ಬರೆಯುವ ಕಾಗದದಲ್ಲಿ ಗಂಡನ ಸುದ್ದಿ ಹೇಳುವುದು ಹೇಗೆ? ಅದಕ್ಕೇ ಕಾದೆ. ಈ ಅಕ್ಷರ ನೋಡು. ಕೋಳಿ ಕೆದರಿದ ಹಾಗಿದ್ದರೂ ನನ್ನದೇ, ನನ್ನ ಬಲಗೈಯದೇ!

ಹೌದು ಕಣೇ, ಕೈ ಎದ್ದಿದೆ!

ಪಾಪು ಹುಟ್ಟುವ ಮುಂಚೆ ನಿನ್ನ ಮನೆಯಿಂದ ಮರಳುವಾಗ ಹಡಗು, ಅದು ನಿಲ್ಲುವ ದಕ್ಕೆಯ ಗೋಡೆಗೆ ಗುದ್ದಿ ನನ್ನ ಭುಜದ ಸ್ನಾಯು ಹರಿಯಿತಲ್ಲ, ಆಪರೇಷನ್ ಮಾಡಿದ ಡಾಕ್ಟರು "ಹೊಲಿಯೋದು ನನ್ನ ಕೆಲಸ, ಎತ್ತೋದು ನಿಮ್ಮ ಕೆಲಸ" ಎಂದು ನನ್ನನ್ನು ಆಸ್ಪತ್ರೆಯ ನೆಲಮಾಳಿಗೆಗೆ ಕಳಿಸಿಬಿಟ್ಟರು. ಅಲ್ಲಿ ವ್ಯಾಯಾಮ ಮಾಡಿಸುವ ಹುಡುಗಿಗೆ ನಾನಿಟ್ಟ ಹೆಸರು ಪೊಲೀಸಮ್ಮ. ಬೆರಳುಗಳನ್ನು ಇರುವೆಯ ಹಾಗೆ ಗೋಡೆ ಹತ್ತಿಸಬೇಕು. ಭುಜ ಏಳದಿದ್ದರೆ ನಾನು ಮೆಲ್ಲಗೆ ಕತ್ತು ವಾಲಿಸಿ ಬೆರಳನ್ನು ಮೇಲಕ್ಕೆ ಸಾಗಿಸುತ್ತಿದ್ದೆ.

"ಅಮ್ಮಾ, ಕತ್ತು ಕಳ್ಳಾಟ ಆಡ್ತಿದೆ!"

"ಪಾಪ, ಭುಜಕ್ಕೆ ಸಹಾಯ ಮಾಡ್ತಿದೆ ಕಣಮ್ಮ."

"ಅದರ ಸಹಾಯ ಯಾರು ಕೇಳಿದ್ರು? ನೆಟ್ಟಗೆ ನಿಲ್ಲಿ!"

ಅವಳ ಕಾಟಕ್ಕೆ ಪದ್ಯವೇ ಹುಟ್ಟಿತು: "ಹತ್ತು ಹತ್ತು ಬೆರಳೇ, ವಾಲಬೇಡ ಕೊರಳೇ." ಈಗ ಅಲ್ಲಿ ಮೊಣಕಾಲಿನವರೂ ಸೊಂಟದವರೂ ಇದನ್ನೇ ಹಾಡುತ್ತಾರೆ. ಮೊಣಕಾಲಿಗೂ ಬೆರಳಿಗೂ ಏನು ಸಂಬಂಧ ಎಂದು ಯಾರೂ ಕೇಳಿಲ್ಲ. ಪ್ರಾಸ ಕೂತರೆ ಸಾಕು, ಜನ ನಂಬುತ್ತಾರೆ.

"ಮನೇಲೂ ಬಿಡಬೇಡಿ. ಸಾರ್, ನೀವು ಇವರ ಕೈ ಹಿಡಿದು ದಿನಾ ನಿಧಾನಕ್ಕೆ ಮೇಲಕ್ಕೆ ಎಳೀಬೇಕು" ಎಂದಿದ್ದಳು. ನಿನ್ನ ಭಾವ ಅಲ್ಲಿಂದಲೇ ನೇರ ಅಂಗಡಿಗೆ ಹೋಗಿ ರಾಟೆ, ಹಗ್ಗ ತಂದು ಅಡುಗೆಮನೆಯ ಬಾಗಿಲ ಮೇಲೆ ಬಿಗಿದೇಬಿಟ್ಟರು! ಎಡಗೈಯಲ್ಲಿ ಹಗ್ಗ ಎಳೆದರೆ ಬಲಗೈ ತಾನಾಗಿ ಏರುತ್ತದೆ. "ರಾಟೆಗೆ ಸುಸ್ತೂ ಇಲ್ಲ, ಬೇಜಾರೂ ಇಲ್ಲ" ಅಂದರು. ಪಕ್ಕದ ಮನೆಯಾಕೆ ಬಂದು ನೋಡಿ, "ಮನೆಯೊಳಗೇ ಬಾವಿ ತೋಡಿಸಿದ್ರಾ?" ಎಂದು ಕೇಳಿದಳು. ನನ್ನ ಜಡೆ ಹಾಕಿದ್ದೂ ಅವರೇ. ಹಗ್ಗ ಹೊಸೆದ ಹಾಗೆ ಬಿಗಿ; ಹುಬ್ಬು ಇಳಿಸಲಾಗದೆ ದಿನವಿಡೀ ಆಶ್ಚರ್ಯಪಟ್ಟವಳಂತೆ ಓಡಾಡಿದ್ದೇನೆ.

ನಿನ್ನೆ ಡಾಕ್ಟರು ತುಂಬಿದ ನೀರಿನ ಹೂಜಿ ತೋರಿಸಿ, "ಮೇಲಿನ ಶೆಲ್ಫಿಗೆ ಇಡಿ ನೋಡೋಣ" ಅಂದರು. ನಿನ್ನ ಭಾವ ಕಿಟಕಿಯ ಕಡೆ ತಿರುಗಿ ನಿಂತರು. ನಾನು ಎತ್ತಿದೆ, ಇಟ್ಟೆ. ಒಂದು ಹನಿ ಚೆಲ್ಲಲಿಲ್ಲ! ಪೊಲೀಸಮ್ಮ ಚಪ್ಪಾಳೆ ತಟ್ಟಿ ಕುಣಿದೇಬಿಟ್ಟಳು.

"ಇನ್ನು ಮಗು ಎತ್ತಬಹುದು" ಅಂದರು ಡಾಕ್ಟರು. "ಗಂಡನ್ನ ಮಾತ್ರ ಸದ್ಯಕ್ಕೆ ಬೇಡ."

ಕೇಳಿದೆಯಾ? ಮಗು ಎತ್ತಬಹುದು! ಫೋಟೋದಲ್ಲಿ ನೋಡಿ ನೋಡಿ ಸವೆಸಿದ ಪಾಪುವನ್ನು ಎತ್ತಬಹುದು! ಗುರುವಾರದ ಹಡಗಿಗೆ ಇಬ್ಬರ ಟಿಕೆಟ್ಟೂ ಆಯಿತು. ಹೆದರಿಕೆ ಇಲ್ಲವೇ ಅಂದರೆ, ಇದೆ. ಆದರೆ ನಿಮ್ಮ ದ್ವೀಪಕ್ಕೆ ಸೇತುವೆ ಬರಲಿ ಎಂದು ಕಾದರೆ ಪಾಪುವಿಗೆ ಮೀಸೆ ಬಂದಿರುತ್ತದೆ.

ನೀನು ಹೊತ್ತು ಹೊತ್ತಿಗೆ ಉಣ್ಣು, ಅವನು ಮಲಗಿದಾಗಲಾದರೂ ಮಲಗು. ತಾಯಿ ಮಗ ಇಬ್ಬರೂ ನೂರು ಕಾಲ ತಣ್ಣಗಿರಿ.

ನಿನ್ನ,
ಎರಡು ಕೈಯ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಅವರ ಕೈಯಲ್ಲಿ ಬರೆಸಲಾಗದ್ದು. ಹಡಗು ಗುದ್ದಿದಾಗ ಅದರ ಮೆಟ್ಟಿಲ ಮೇಲಿಂದ ಬಿದ್ದೆ ಅಂತ ನಿನಗೆ ಹೇಳಿ ಕಳಿಸಿದ್ದೆವು. ನಾನು ಬೀಳಲಿಲ್ಲ ಕಣೇ. ಹಡಗಿಗೂ ಗೋಡೆಗೂ ನಡುವಿನ ನೀರಿನ ಮೇಲೆ ನೇತಾಡುತ್ತಿದ್ದೆ, ನಿನ್ನ ಭಾವ ಬಲಗೈ ಹಿಡಿದು ಎಳೆದುಕೊಂಡರು. ಭುಜ ಹರಿದದ್ದು ಆ ಎಳೆತಕ್ಕೆ. ಡಾಕ್ಟರು ಅವರೆದುರೇ ಅದನ್ನು ಹೇಳಿದರು. "ಹಾಗೆ ಎಳೆದಿದ್ದಕ್ಕೇ ಇವರು ಉಳಿದಿದ್ದು" ಅಂತಲೂ ಹೇಳಿದರು. ಇವರಿಗೆ ಮೊದಲನೆಯದು ಮಾತ್ರ ಕೇಳಿಸಿತು. ಅಂದಿನಿಂದ ಜಡೆ ಹಾಕಿದ್ದಾರೆ, ತುತ್ತು ಕಲೆಸಿ ಕೊಟ್ಟಿದ್ದಾರೆ, ಆ ಕೈ ಮಾತ್ರ ಹಿಡಿದಿಲ್ಲ. ರಾಟೆ ಬಂದದ್ದು ಅದಕ್ಕೇ. ರಸ್ತೆ ದಾಟುವಾಗಲೂ ಸುತ್ತಿಕೊಂಡು ನನ್ನ ಎಡಗಡೆಗೇ ಬರುತ್ತಾರೆ. ಪ್ರತಿ ಸಲ ನನ್ನ ಜೊತೆ ಆಸ್ಪತ್ರೆಗೆ ಬಂದ ಇವರನ್ನು "ನಿಮಗೆ ಹೇಗಿದೆ?" ಎಂದು ಒಬ್ಬರೂ ಕೇಳಲಿಲ್ಲ.

ಗುರುವಾರ ದಕ್ಕೆಗೆ ಬರುತ್ತೀಯಲ್ಲ, ನಾನು ಎರಡೂ ಕೈ ಚಾಚಿ ಓಡಿ ಬರುತ್ತೇನೆ. ನನಗೆ ಕೊಡಬೇಡ. ಪಾಪುವನ್ನು ಮೊದಲು ನಿನ್ನ ಭಾವನ ಕೈಗೆ ಕೊಡು.