ಮೂವತ್ತಾರು ಸೆಕೆಂಡ್

ನವೆಂಬರ್ 4, ಮಂಗಳವಾರ

ಮತ್ತೆ ಒಂಬತ್ತು. ಮೂರು ಮೀಟರ್ ಮಾಡೆಲ್ ಹಳಿ, ಒಂಬತ್ತೇ ಸೆಕೆಂಡ್. ತಾತ ಜೇಬುಗಡಿಯಾರ ಮುಚ್ಚಿದ. "ಇದು ರೈಲಲ್ಲ ಕಣೇ, ಕಾಲು ಸುಟ್ಟ ಬೆಕ್ಕು."

ನಿಜವಾದ ಗಾಡಿಯ ವೇಗದ ಲೆಕ್ಕಕ್ಕೆ ಮೂವತ್ತಾರು ಬೇಕಂತೆ. ಇಡೀ ಜೀವನ ನಮ್ಮೂರಿನ ಲೈನಿನಲ್ಲೇ ಆ ಗಾಡಿ ಓಡಿಸಿದವನು. ಮಾರ್ಚ್‌ನಲ್ಲಿ ಲೈನ್ ಮುಚ್ಚಿದ ದಿನ ಕಾಲು ಮುರಿದು ಆಸ್ಪತ್ರೆಯಲ್ಲಿದ್ದ. ಕೊನೆಯ ಗಾಡಿ ಬೇರೆ ಯಾರೋ ಓಡಿಸಿದರು. ಭಾನುವಾರ ಪುರಭವನದಲ್ಲಿ ನಮ್ಮ ಮಾಡೆಲ್ ರೈಲು ಕ್ಲಬ್ಬಿನ ಪ್ರದರ್ಶನ. ವೇಗ ಸರಿಯಿದ್ದರೆ ಬಂದು ತಾನೇ ಹೊರಡಿಸುತ್ತಾನಂತೆ. ಇಲ್ಲದಿದ್ದರೆ ಬರಲ್ಲ. ಹಟಮಾರಿ ಮುದುಕ!

ನವೆಂಬರ್ 5

ಕರೆಂಟ್ ಗುಂಡಿ ಸ್ವಲ್ಪ ಇಳಿಸೋಣ ಅಂದೆ. ಕ್ಲಬ್ಬಿನ ಯಜಮಾನ ಕುರೆಬಯಾಶಿ ಮೂಗು ಮುರಿದ. "ಎಲ್ಲಾ ಹಳಿಗೂ ಒಂದೇ ಗುಂಡಿ. ಇಳಿಸಿದ್ರೆ ನಮ್ಮ ಬುಲೆಟ್ ರೈಲುಗಳು ನಿಂತ್ಬಿಡ್ತವೆ. ನಿನ್ನ ಆ ಒಂಟಿ ಡಬ್ಬಕ್ಕೋಸ್ಕರಾನಾ?" ಸಾಲದ್ದಕ್ಕೆ, "ಹೈಸ್ಕೂಲ್ ಮುಗಿಸಿದ್ದಿದ್ರೆ ಕರೆಂಟ್ ಪಾಠ ಆಗಿರ್ತಿತ್ತು."

ಥೂ. ದಿನಾ ಬೆಳಗ್ಗೆ ಐದಕ್ಕೆ ಬೆಂಟೊ ಬುತ್ತಿಯ ಕಾರ್ಖಾನೆಯಲ್ಲಿ ನಿಂತು ಮೀನು ಜೋಡಿಸುತ್ತೇನೆ. ಅದರ ಮೇಲೆ ಇವನ ಪಾಠ ಬೇರೆ.

ನವೆಂಬರ್ 7

ಡಯೋಡ್! ಸಾಸಿವೆಯಷ್ಟಿದೆ ದರಿದ್ರದ್ದು. ಮೋಟರಿನ ತಂತಿಗೆ ಬೆಸೆದರೆ ಒಂದೊಂದೂ ಮುಕ್ಕಾಲು ವೋಲ್ಟ್ ತಿನ್ನುತ್ತದೆ, ಗುಂಡಿ ಮುಟ್ಟದೆ ನನ್ನ ಗಾಡಿ ಮಾತ್ರ ನಿಧಾನ. ಎರಡು ಹಾಕಿದೆ — ಹದಿನೇಳು ಸೆಕೆಂಡ್. ಮೂರು — ಇಪ್ಪತ್ತೈದು. ಬೆರಳು ಸುಟ್ಟಿತು. ನಾಲ್ಕು — ಮೂವತ್ತಾರು!! ಊಟದ ಮೇಜಿನ ಮೇಲೆ ಹಳಿಯ ಬಳೆ, ಗಾಡಿ ಸುತ್ತೇ ಸುತ್ತು.

ತಾತ ಹಳೆಯ ಡ್ರೈವರ್ ಟೋಪಿ ತೆಗೆದು ಧೂಳು ಒರೆಸಲು ಕೂತ.

ನವೆಂಬರ್ 9, ಭಾನುವಾರ ಸಂಜೆ

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಪುರಭವನದಲ್ಲಿ ತಾತ ಡ್ರೈವರುಗಳ ರೂಢಿಯಂತೆ ಸಿಗ್ನಲ್ಲಿನತ್ತ ಬೆರಳು ಚಾಚಿ ಕೂಗಿದ, "ಸಿಗ್ನಲ್ ಹಸಿರು! ಹೊರಡು!" ಹೋಯಿತು. ಮೂವತ್ತಾರಕ್ಕೆ ಸರಿಯಾಗಿ ಕೊನೆಯ ಸ್ಟೇಷನ್. ವಾಪಸ್? ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹಿಂದಕ್ಕೆ ಓಡಲು ಕರೆಂಟ್ ಉಲ್ಟಾ ಹರಿಯಬೇಕು, ಡಯೋಡ್ ಒಂದೇ ದಿಕ್ಕಿಗೆ ಕರೆಂಟ್ ಬಿಡುತ್ತದೆ. ಮನೆಯಲ್ಲಿ ಬರೀ ಮುಂದಕ್ಕೇ ಸುತ್ತಿಸಿದ್ದೆ. ಹಿಂದಕ್ಕೆ ಒಂದು ಸಲವೂ ನೋಡಿರಲಿಲ್ಲ. ಕತ್ತೆ ನಾನು.

"ಕೈಯಲ್ಲಿ ಎತ್ತಿಕೊಂಡು ಹೋಗಮ್ಮ," ಕುರೆಬಯಾಶಿ ನಕ್ಕ. ಜನವೂ ನಕ್ಕರು.

ತಾತ ಗಡಿಯಾರ ತೆರೆದ. "ಯಾಕ್ರೀ ಅವಸರ? ಅಲ್ಲಿ ಗಾಡಿ ಹನ್ನೊಂದು ನಿಮಿಷ ನಿಲ್ಲುತ್ತೆ. ಡ್ರೈವರ್ ಇಳಿದು ಆ ತುದಿಗೆ ನಡೀಬೇಕು. ಟೈಮ್‌ಟೇಬಲ್ ನೋಡಿಲ್ವಾ?" ನನ್ನ ಕಡೆ ತಿರುಗಿ ಮೆಲ್ಲಗೆ, "ಏನೇ ನೋಡ್ತಿದೀಯಾ? ಹತ್ತೂಮುಕ್ಕಾಲು ನಿಮಿಷ ಉಳೀತು."

ಗಾಡಿ, ಬೆಸುಗೆ ಕಡ್ಡಿ ಎತ್ತಿಕೊಂಡು ಮೇಜಿನ ಕೆಳಗೆ ನುಗ್ಗಿದೆ. ಮುಚ್ಚಳ ಕಿತ್ತೆ. ಹಳೆಯವುಗಳ ಪಕ್ಕದಲ್ಲೇ ಇನ್ನೂ ನಾಲ್ಕು ಡಯೋಡ್ ಉಲ್ಟಾ ಬೆಸೆದೆ. ಒಂದು ಜಾರಿ ಬಿತ್ತು, ಚಾಪೆಯಲ್ಲಿ ತಡಕಿ ತೆಗೆದೆ. ಹಳಿಗಿಟ್ಟಾಗ ಹತ್ತೂವರೆ ನಿಮಿಷ ಆಗಿತ್ತು.

"ಬಿಡಲಾ?"

"ಮೂವತ್ತು ಸೆಕೆಂಡ್ ಇದೆ. ಹೊತ್ತಿಗೆ ಮುಂಚೆ ಬಿಡೋ ಹಾಗಿಲ್ಲ."

ಎಲ್ಲರೂ ಕಾದೆವು. ಕುರೆಬಯಾಶಿಯೂ. ಆಮೇಲೆ ತಾತ ಟೋಪಿ ಸರಿಮಾಡಿಕೊಂಡು ಬೆರಳು ಚಾಚಿದ. ಧ್ವನಿ ಅರ್ಧಕ್ಕೇ ಒಡೆಯಿತು. ಆದರೂ ಗಾಡಿ ಹೊರಟಿತು. ಬಂತು. ಮೂವತ್ತೇಳು.

ಈಗ ಕೆಳಗಿನಿಂದ ಕೂಗುತ್ತಿದ್ದಾನೆ, "ಆ ಒಂದು ಸೆಕೆಂಡ್ ಎಲ್ಲಿ ಹೋಯ್ತೇ? ಬಾ ಇಲ್ಲಿ, ಮತ್ತೆ ಓಡಿಸೋಣ!" ಬಂದೆ ಮಾರಾಯ, ಬಂದೆ!