ಗುಲಾಬಿ ಪೆನ್ನಿನ ಹೊಳಪು

ಮಾರ್ಚ್ ೧೧, ಮಂಗಳವಾರ

ಕಿತಾಪತಿ ಕುಲಗುರುಗಳಾದ ಮಾಮನ ಪಾದಗಳಿಗೆ ಶಿಷ್ಯನು ಅಡ್ಡಬಿದ್ದು ಬರೆದ ಕಾಗದ.

ನಿನ್ನ ಎರಡು ಕಾಗದಕ್ಕೂ ಉತ್ತರಿಸದೆ ಕೂತದ್ದಕ್ಕೆ ನನ್ನ ಮೇಲೆ ನಾನೇ ವಿಚಾರಣಾ ಸಮಿತಿ ನೇಮಿಸಿದ್ದೇನೆ. ವರದಿ ಬರುವವರೆಗೆ ಕ್ಷಮೆಯಿರಲಿ. ಇಲ್ಲಿ ಎಲ್ಲ ಕ್ಷೇಮ. ಹಲ್ಲುನೋವು ಹೋಯಿತು, ಹಲ್ಲೂ ಹೋಯಿತು. ಅಮ್ಮನಿಗೆ ಹೇಳಬೇಡ.

"ಅಲ್ಲಿ ಅದೇನು ಕಡಿದು ಕಟ್ಟೆ ಹಾಕ್ತಿದೀಯೋ?" ಎಂದು ಕೇಳಿದ್ದೆಯಲ್ಲ, ಕೇಳು. ನಮ್ಮ ಪ್ರಯೋಗಾಲಯದಲ್ಲಿ ಕರಿ ಹರಳೊಂದಕ್ಕೆ ಅಂಟುಪಟ್ಟಿ ಒತ್ತಿ ಕೀಳುತ್ತೇವೆ, ಮತ್ತೆ ಒತ್ತಿ ಮತ್ತೆ ಕೀಳುತ್ತೇವೆ. ಕೊನೆಗೆ ಮೂರೇ ಪರಮಾಣು ದಪ್ಪದ ಒಂಟಿ ಪದರ ಸಿಗಬೇಕು. ಅದನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಕೂರಿಸುತ್ತೇವೆ. ದಪ್ಪಗಿದ್ದಾಗ ಮಂಕಾಗಿ ಬಿದ್ದಿರುವ ಆ ಹರಳು, ಒಂಟಿ ಪದರವಾದರೆ ಹಸಿರು ಲೇಸರಿಗೆ ಕೆಂಪಗೆ ಹೊಳೆಯುತ್ತದೆ. ಮುಂದೊಂದು ದಿನ ಇದರಿಂದ ಟಿವಿಯನ್ನು ಕರವಸ್ತ್ರದ ಹಾಗೆ ಮಡಚಿ ಜೇಬಿಗಿಡಬಹುದಂತೆ. ನೀನು ಮೂಗು ಒರೆಸಿಕೊಳ್ಳಬೇಡ, ಅಷ್ಟೇ.

ಪಕ್ಕದ ಮೇಜು ನಾವೆಲ್ಲ ಅಕ್ಕ ಎಂದು ಕರೆಯುವವಳದು. ನನಗೆ ಅಂಟುಪಟ್ಟಿ ಹಿಡಿಯಲು ಕಲಿಸಿದವಳೇ ಅವಳು. ಚಳಿಗಾಲವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತರೂ ಅವಳಿಗೆ ಹೊಳೆಯುವ ಪದರ ಒಂದೂ ಸಿಕ್ಕಿರಲಿಲ್ಲ. ಈ ತಿಂಗಳೂ ಸಿಗದಿದ್ದರೆ ಸಂಶೋಧನೆಗೆ ಬೇರೆ ವಿಷಯ ಹಿಡಿ ಎಂದು ನಮ್ಮ ಮೇಷ್ಟ್ರು ಹೇಳಿಬಿಟ್ಟಿದ್ದರು. ಅಂಥವಳ ಬಿಲ್ಲೆಗೆ ಹೋದ ವಾರ ನಿನ್ನ ಶಿಷ್ಯ, ಪರಮ ಗಾಂಭೀರ್ಯದಿಂದ, ಗುಲಾಬಿ ಹೈಲೈಟರ್ ಪೆನ್ನಿನ ತುದಿ ಸೋಕಿಸಿದ. ಆ ಶಾಯಿಯೂ ಲೇಸರಿಗೆ ಹೊಳೆಯುತ್ತದೆ. ಸ್ವಲ್ಪ ಹೊತ್ತು ಆಟ ನೋಡಿ ಹೇಳಿಬಿಡುವುದೆಂದು ನನ್ನ ಲೆಕ್ಕ.

ಪರದೆಯಲ್ಲಿ ಕೆಂಪು ಕಂಡದ್ದೇ ತಡ, ಅವಳು ಮನೆಗೆ ಫೋನು ಹಚ್ಚಿದಳು. "ಅಪ್ಪಾ, ಹೊಳೀತು ಅಪ್ಪಾ! ಇಲ್ಲಪ್ಪ, ಅಳ್ತಿಲ್ಲ... ನೆಗಡಿ."

ಆಗ ಹೇಗೆ ಹೇಳಲಿ ಮಾಮಾ?

ಮೇಷ್ಟ್ರು ಬಂದು ಆ ಬೆಳಕಿನ ಬಣ್ಣಗಳನ್ನು ಯಂತ್ರದಲ್ಲಿ ಬಿಡಿಸಿ ನೋಡಿದರು. ನಿಜವಾದ ಪದರವಾದರೆ ಗೆರೆ ಮೊನಚಾಗಿ ಮೇಲೇಳಬೇಕು; ಇದು ಎಮ್ಮೆ ಮಲಗಿದ ಹಾಗಿತ್ತು. "ಏನಮ್ಮಾ, ಇದ್ಯಾವ್ದೋ ಶಾಯಿ. ಇಷ್ಟೂ ಗೊತ್ತಾಗ್ಲಿಲ್ವಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದಿದ್ದರೆ ಸಿಕ್ಕಿಬೀಳುತ್ತಿದ್ದೆ.

"ನಂದೇ ತಪ್ಪು ಸರ್, ಬಿಲ್ಲೆ ಸರಿಯಾಗಿ ತೊಳ್ದಿರ್ಲಿಲ್ಲ" ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ನೀನಾದ್ರೂ ಚೆನ್ನಾಗಿ ತೊಳ್ಕೊಳೋ, ನನ್ ಥರ ಮಾನ ಕಳ್ಕೋಬೇಡ" ಎಂದಳು.

ಕೀಟಲೆಗೆ ಗುರಿಯಾದವನೂ ಕೊನೆಗೆ ನಗಬೇಕು ಎಂದು ನೀನು ಹೇಳಿಕೊಟ್ಟಿದ್ದೆ. ಅವಳು ನಗಲಿಲ್ಲ. ಅವಳ ಮುಖ ನೋಡುವುದಕ್ಕೆ ನಾಚಿಕೆಯಾಗಿ ಊಟದ ಹೊತ್ತನ್ನೇ ಬದಲಿಸಿಕೊಂಡಿದ್ದೇನೆ.

ಅತ್ತೆಗೆ ನಮಸ್ಕಾರ. ಚಿಳ್ಳೆಪಿಳ್ಳೆಗಳಿಗೆ ನನ್ನ ಘನ ಆಶೀರ್ವಾದ. ನನಗೆ ಮಾತ್ರ ಆಶೀರ್ವಾದ ಕಳಿಸಬೇಡ, ಬೈದು ಬರೆ.

ನಿನ್ನ ಅಳಿಯ

ತಾ.ಕ.: ಇವತ್ತು ಮಧ್ಯಾಹ್ನ ಅವಳ ಹೊಸ ಬಿಲ್ಲೆ ಕೆಂಪಗೆ ಹೊಳೆಯಿತು. ನಿನ್ನಾಣೆ, ನಾನು ಮುಟ್ಟಿರಲಿಲ್ಲ. "ಥೂ, ಇದಕ್ಕೂ ಶಾಯಿ ಹತ್ತಿದೆ" ಎಂದು ಗೊಣಗಿ, ಬಣ್ಣ ಬಿಡಿಸಿಯೂ ನೋಡದೆ, ಅವಳು ಅದನ್ನು ಶಾಯಿ ಕರಗಿಸುವ ಅಸಿಟೋನಿನಲ್ಲಿ ಮುಳುಗಿಸಿ, ಗಡಗಡ ನಡುಗಿಸಿ ತೊಳೆಯುವ ಯಂತ್ರದೊಳಗಿಟ್ಟಳು. ಅದರಲ್ಲಿ ಪದರ ಉಳಿಯುವುದಿಲ್ಲ. ತಡೆದಿದ್ದರೆ, "ಶಾಯಿ ಅಲ್ಲ ಅಂತ ನಿಂಗೆ ಹೇಗ್ ಗೊತ್ತು?" ಎಂದು ಕೇಳುತ್ತಿದ್ದಳು. ನಾನು ಯಂತ್ರದ ಪಕ್ಕದಲ್ಲೇ ನಿಂತಿದ್ದೆ. "ಆ ಗುಂಡಿ ಒತ್ತೋ" ಎಂದಳು.

ಒತ್ತಿದೆ.